ಒಡೆದ ಬಟ್ಟಲೂ ಮಕ್ಕಳ ಕೋಪವೂ

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆ ಸ್ಥಳದ ಬೆಲೆಯೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1920ರ ದಶಕದಲ್ಲಿ ವರಳಿ, ನಾಯಗಾಂವ್, ಶಿವಡಿಗಳಲ್ಲಿ ಕಟ್ಟಲ್ಪಟ್ಟ ಬಿ.ಡಿ.ಡಿ. ಚಾಳುಗಳ ಒಂದೊಂದು ಖೋಲಿಯ ಅಳತೆ 160 ಚದರ ಅಡಿ. ಕುರ್ಲಾ, ಮುಂಬ್ರಾ, ನಾಲಾಸೋಪಾರಾಗಳಲ್ಲಿ ನಮ್ಮವರು ಹಿಡಿದಿರುವ ಬಾಡಿಗೆ ಮನೆಗಳಲ್ಲಿ ಅನೇಕವು ಅದಕ್ಕಿಂತ ಬಹಳ ವಿಶಾಲವಾದುವಲ್ಲ. ಇಂತಹ ಮನೆಯಲ್ಲಿ ಅಣ್ಣನ ಕಂಪಾಸು ಪೆಟ್ಟಿಗೆ, ತಂಗಿಯ ಗೊಂಬೆ, ತಾಯಿಯ ಪಾತ್ರೆಪಗಡಗಳು ಒಂದೇ ಮೂಲೆಯಲ್ಲಿರುವುದರಿಂದ ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿ ಕೆಡುವುದು ದಿನನಿತ್ಯದ ಮಾತು. ಒಡನೆಯೇ ಕೂಗಾಟ, ಹೊಡೆದಾಟ. ದಣಿದು ಬಂದ ತಂದೆಯು ಕಾರಣವನ್ನು ಕೇಳದೆ ಇಬ್ಬರಿಗೂ ಒಂದೊಂದು ಏಟು ಕೊಟ್ಟು ಮಲಗಿಸುತ್ತಾನೆ. ಸದ್ದು ಅಡಗುತ್ತದೆ, ಸಿಟ್ಟು ಅಡಗುವುದಿಲ್ಲ.

ಇದು ಕ್ಷುಲ್ಲಕ ವಿಷಯವೆಂದು ಕೆಲವರು ನಗಬಹುದು. ಆದರೆ ಆ ಮುರಿದ ಪೆಟ್ಟಿಗೆಯೇ ಆ ಹುಡುಗನ ಸಮಸ್ತ ಆಸ್ತಿ. ತನ್ನದೆಂದು ಹೇಳಿಕೊಳ್ಳಲು ಅವನಿಗೆ ಬೇರೊಂದು ವಸ್ತುವಿಲ್ಲ. ಈ ನಷ್ಟವನ್ನು ಸಹಿಸುವ ಬಗೆಯನ್ನು ಹಿರಿಯರು ಇಂದು ಕಲಿಸದಿದ್ದರೆ, ನಾಳೆ ಅವನು ಇದೇ ಸಿಟ್ಟನ್ನು ಹೆಂಡತಿಯ ಮೇಲೆಯೂ ಕೈಕೆಳಗಿನವರ ಮೇಲೆಯೂ ತೀರಿಸುವನು.

ಈ ನಗರದ ಕನ್ನಡ ಬಂಧುಗಳಲ್ಲಿ ಮಂಗಳೂರಿನ ಕಡೆಯ ಬ್ಯಾರಿಗಳೂ ಭಟ್ಕಳದ ನವಾಯತರೂ ಇದ್ದಾರೆ. ಅವರ ಧರ್ಮದಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವು ಎಲ್ಲ ಮತಗಳ ತಂದೆತಾಯಿಗಳೂ ಕೇಳತಕ್ಕದ್ದೆಂದು ನಮಗೆ ತೋರುತ್ತದೆ.

ಬುಖಾರಿಯವರ ಹದೀಸು ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರವಾದಿ ಮುಹಮ್ಮದರು ತಮ್ಮ ಪತ್ನಿಯೊಬ್ಬರ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿಯು ಸೇವಕನ ಕೈಯಲ್ಲಿ ಒಂದು ಬಟ್ಟಲು ಆಹಾರವನ್ನು ಕಳುಹಿಸಿದರು. ಮನೆಯಲ್ಲಿದ್ದವರು ಮತ್ಸರದಿಂದ ಸೇವಕನ ಕೈಗೆ ಹೊಡೆಯಲು ಬಟ್ಟಲು ಬಿದ್ದು ಒಡೆಯಿತು. ಪ್ರವಾದಿಗಳು ಯಾರನ್ನೂ ಗದರಿಸದೆ ಒಡೆದ ಚೂರುಗಳನ್ನೂ ಚೆಲ್ಲಿದ ಅನ್ನವನ್ನೂ ತಾವೇ ಒಟ್ಟುಗೂಡಿಸಿದರು. ಮತ್ಸರದಿಂದ ಹೀಗಾಯಿತೆಂದು ನೆರೆದವರಿಗೆ ಒಂದೇ ಮಾತಿನಲ್ಲಿ ತಿಳಿಸಿದರು. ಬಳಿಕ ಒಡೆದವರ ಮನೆಯಿಂದಲೇ ಒಂದು ಒಳ್ಳೆಯ ಬಟ್ಟಲನ್ನು ತರಿಸಿ ಕಳೆದುಕೊಂಡವರಿಗೆ ಕಳುಹಿಸಿ, ಒಡೆದುದನ್ನು ಒಡೆದ ಮನೆಯಲ್ಲಿಯೇ ಇರಿಸಿದರು.

ಇದರಲ್ಲಿ ತಂದೆತಾಯಿಗಳಿಗೆ ಬೇಕಾದ ಪಾಠವೆಲ್ಲವೂ ಇದೆ. ಚೂರುಗಳನ್ನು ಹೆಕ್ಕುವುದು ಮೊದಲು, ವಿಚಾರಣೆ ಆಮೇಲೆ. ಸಿಟ್ಟಿಗೆ ಕಾರಣವಾದ ಭಾವನೆಯನ್ನು ಹೆಸರಿಟ್ಟು ಹೇಳಬೇಕು. ನಾಲ್ಕು ಜನರೆದುರು ಮಾನ ಕಳೆಯಬಾರದು. ಆದರೆ ನಷ್ಟವನ್ನು ಮಾತ್ರ ತುಂಬಿಕೊಡಲೇಬೇಕು. ನಮ್ಮ ಮನೆಗಳಲ್ಲಿ ತಪ್ಪುವುದು ಈ ಕೊನೆಯ ಮಾತು. “ಅವನು ಚಿಕ್ಕವನು, ನೀನು ದೊಡ್ಡವನು, ಬಿಟ್ಟುಬಿಡು” ಎಂದು ಹಿರಿಯ ಮಗುವಿನ ಬಾಯಿ ಮುಚ್ಚಿಸುತ್ತೇವೆ. ನ್ಯಾಯ ದೊರೆಯದ ಮಗುವಿಗೆ ಕ್ಷಮೆಯ ಉಪದೇಶವು ರುಚಿಸೀತೆ? ತಮ್ಮನಿಂದ ಒಂದು ಪೆನ್ಸಿಲನ್ನಾದರೂ ಕೊಡಿಸಿರಿ; ಹರಿದ ಪುಸ್ತಕಕ್ಕೆ ಅವನ ಕೈಯಿಂದಲೇ ಅಂಟು ಹಚ್ಚಿಸಿರಿ. ಅರ್ಧ ಸಿಟ್ಟು ಅಲ್ಲಿಯೇ ಇಳಿಯುವುದು.

ಕುರ್‌ಆನಿನ ಮೂರನೆಯ ಅಧ್ಯಾಯದ 134ನೆಯ ವಚನವು ಸಜ್ಜನರ ಲಕ್ಷಣಗಳನ್ನು ಹೇಳುವಾಗ ಕೋಪವನ್ನು ತಡೆಯುವುದನ್ನು ಮೊದಲು, ಜನರನ್ನು ಕ್ಷಮಿಸುವುದನ್ನು ಆಮೇಲೆ ಹೇಳುತ್ತದೆ. ಈ ಕ್ರಮವನ್ನು ಗಮನಿಸತಕ್ಕದ್ದು. ಸಿಟ್ಟಿನಿಂದ ನಡುಗುತ್ತಿರುವ ಮಗುವಿನಿಂದ ಅದೇ ಕ್ಷಣದಲ್ಲಿ ಕ್ಷಮೆಯನ್ನು ಬೇಡಬಾರದು. ಕೈ ಎತ್ತದಂತೆ ತಡೆದರೆ ಆ ಹೊತ್ತಿಗೆ ಸಾಕು. ಅದಕ್ಕೆ ಉಪಾಯವನ್ನೂ ಪ್ರವಾದಿಗಳು ಹೇಳಿದ್ದಾರೆ. ನಿಂತವನಿಗೆ ಕೋಪ ಬಂದರೆ ಕುಳಿತುಕೊಳ್ಳಬೇಕು, ಆಗಲೂ ಇಳಿಯದಿದ್ದರೆ ಮಲಗಬೇಕು ಎಂಬುದೂ, ನೀರಿನಿಂದ ವುಜೂ ಮಾಡಿಕೊಳ್ಳಬೇಕೆಂಬುದೂ ಅಬೂ ದಾವೂದರ ಸಂಗ್ರಹದಲ್ಲಿವೆ. ಕುಳಿತವನ ಕೈಗೆ ಹೊಡೆಯುವ ವೇಗವಿರುವುದಿಲ್ಲ. ಯಾವ ಮತದ ಮಗುವಾದರೂ ಮುಖಕ್ಕೆ ತಣ್ಣೀರು ಹಾಕಿಕೊಂಡು ಗೋಡೆಗೊರಗಿ ಕುಳಿತರೆ ನಷ್ಟವೇನು?

ಮಗುವಿನ ದುಃಖವನ್ನು ಹಗುರವಾಗಿ ಕಾಣಬಾರದೆಂಬುದಕ್ಕೂ ನಿದರ್ಶನವಿದೆ. ಅಬೂ ಉಮೈರ್ ಎಂಬ ಬಾಲಕನು ತಾನು ಆಡಿಸುತ್ತಿದ್ದ ಪುಟ್ಟ ಹಕ್ಕಿ ಸತ್ತುಹೋಗಲು ಕೊರಗುತ್ತಿದ್ದಾಗ, ಪ್ರವಾದಿಗಳು ಅವನನ್ನು ಅಕ್ಕರೆಯಿಂದ ಹೆಸರು ಹಿಡಿದು ಕರೆದು ಆ ಹಕ್ಕಿಯ ವಿಷಯವನ್ನು ಕೇಳಿದರು. ಹಕ್ಕಿ ಮರಳಿ ಬರಲಿಲ್ಲ. ಆದರೆ ತನ್ನ ನಷ್ಟವನ್ನು ದೊಡ್ಡವರೊಬ್ಬರು ಲೆಕ್ಕಕ್ಕೆ ತೆಗೆದುಕೊಂಡರೆಂಬ ಸಮಾಧಾನ ಬಾಲಕನಿಗಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಕುರ್ಲಾ ಕಲೀನಾಗಳ ತಗ್ಗಿನ ಮನೆಗಳಿಗೆ ಮೀಠಿ ನದಿಯ ನೀರು ನುಗ್ಗಿದಾಗ ಮಕ್ಕಳ ಪುಸ್ತಕಗಳೂ ಆಟಿಕೆಗಳೂ ಕೆಸರಾದುವು. ಯಾರ ಮೇಲೆ ಸಿಟ್ಟಾಗಬೇಕೆಂಬುದೇ ತಿಳಿಯದ ಇಂತಹ ನಷ್ಟದಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು ಅದರ ಮಾತನ್ನು ಕೇಳುವುದೇ ಔಷಧ.

ಕಡೆಯದಾಗಿ ನಮ್ಮ ಹೊಟೇಲು ಬಂಧುಗಳಿಗೆ ಒಂದು ಮಾತು. ಒಡೆದ ಕಪ್ಪಿನ ಬೆಲೆಯನ್ನು ಮಾಣಿಯ ಲೆಕ್ಕಕ್ಕೆ ಬರೆದು, ಗಿರಾಕಿಗಳೆದುರಿನಲ್ಲೇ ಬೈಯುವ ಯಜಮಾನರನ್ನು ಗಲ್ಲೆಯ ಬಳಿ ಕುಳಿತ ವರ್ಷಗಳಲ್ಲಿ ನಾವು ಬಹಳ ಕಂಡಿದ್ದೇವೆ. ಅಲ್ಲಿ ನುಂಗಿದ ಅವಮಾನವು ರಾತ್ರಿ ಲೋಕಲ್ ಗಾಡಿಯಲ್ಲಿ ಮನೆಗೆ ಬಂದು ಮಕ್ಕಳ ಬೆನ್ನ ಮೇಲೆ ಬೀಳುತ್ತದೆ. ಅನಸ್ ಎಂಬವರು ಬಾಲ್ಯದಲ್ಲಿ ಪ್ರವಾದಿಗಳ ಮನೆಯಲ್ಲಿ ಊಳಿಗಕ್ಕಿದ್ದವರು. ಹತ್ತು ವರ್ಷಗಳಲ್ಲಿ ಒಮ್ಮೆಯೂ ಅವರು ತನ್ನ ಮೇಲೆ ಬೇಸರದ ಸದ್ದನ್ನೂ ಮಾಡಲಿಲ್ಲವೆಂದು ಅವರೇ ಹೇಳಿದ್ದಾರೆ. ಯಜಮಾನರೆಲ್ಲರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಾಣಿಯಾದರೂ ಗುಮಾಸ್ತನಾದರೂ ತಂದೆಯಾದವನು ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ತನ್ನ ಸಿಟ್ಟನ್ನು ಹೊರಗೆ ಬಿಟ್ಟು ಒಳಗೆ ಕಾಲಿಡಬೇಕು. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದವರು ರಾತ್ರಿ ಫೋನಿನಲ್ಲಿ ಮಕ್ಕಳ ದೂರನ್ನು ಕೇಳುವಾಗ, ಗದರಿಸುವ ಮೊದಲು ಮುರಿದುದೇನು, ಅದರ ಮೇಲೆ ಮಗುವಿಗೆ ಎಷ್ಟು ಪ್ರೀತಿಯಿತ್ತು ಎಂದು ವಿಚಾರಿಸಬೇಕು. ಉಪದೇಶವನ್ನು ಮಕ್ಕಳು ಮರೆಯಬಹುದು. ಬಟ್ಟಲು ಒಡೆದಾಗ ಅಪ್ಪನು ನಡೆದುಕೊಂಡ ರೀತಿಯನ್ನು ಮರೆಯಲಾರರು.