ಜಾಮೀನಿನ ಸಹಿಯೂ ಸಾಲವೇ

"ಉಸ್ತಾದರೇ, ಹಣ ಕೇಳಲು ಬಂದಿಲ್ಲ. ಒಂದು ಸಹಿ ಹಾಕಿಕೊಟ್ಟರೆ ಸಾಕು."

ಜುಮುಆ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಕೇಳುವವನು ನಂಟನೋ ನೆರೆಯವನೋ ಆಗಿರುತ್ತಾನೆ. ಅವನ ಕೈಯಲ್ಲಿ ಸೊಸೈಟಿಯ ಅರ್ಜಿಯಿರುತ್ತದೆ, ಅದರಲ್ಲಿ ಜಾಮೀನುದಾರರ ಜಾಗವೊಂದು ಖಾಲಿಯಿರುತ್ತದೆ. ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಸಹಿ ಹಾಕಿ, ಸಲಾಂ ಹೇಳಿ ಬೀಳ್ಕೊಡುತ್ತೇವೆ. ಮನೆಗೆ ಬಂದು ಪತ್ನಿಗೂ ತಿಳಿಸುವುದಿಲ್ಲ. ಏಕೆಂದರೆ ನಮ್ಮ ಎಣಿಕೆಯಲ್ಲಿ ಏನೂ ನಡೆದೇ ಇಲ್ಲ.

ನಮ್ಮ ಸಮುದಾಯದಲ್ಲಿ ಬೇರುಬಿಟ್ಟಿರುವ ಈ "ಸಹಿ ತಾನೇ" ಎಂಬ ಧೋರಣೆಯನ್ನು ಸೌಜನ್ಯವೆಂದು ಕರೆಯಲು ನಾವು ಸಿದ್ಧರಿಲ್ಲ. ತೀರಿಸುವ ಶಕ್ತಿಯಾಗಲಿ ಉದ್ದೇಶವಾಗಲಿ ಇಲ್ಲದೆ ಜಾಮೀನು ನಿಲ್ಲುವುದು ಸುಳ್ಳಾಡಿದಂತೆಯೇ. ಇವನು ಕೊಡದಿದ್ದರೆ ನಾನು ಕೊಡುತ್ತೇನೆಂದು ಕಾಗದದಲ್ಲಿ ಮಾತು ಕೊಟ್ಟಿರುತ್ತೇವೆ. ಕೊಡುವ ಪ್ರಸಂಗ ನನಗೇಕೆ ಬರುತ್ತದೆಂದು ಮನಸ್ಸಿನಲ್ಲಿ ಅಂದುಕೊಂಡಿರುತ್ತೇವೆ. ಬಾಯಿ ಒಂದು, ಮನಸ್ಸು ಇನ್ನೊಂದು.

ಜಾಮೀನು ನಿಲ್ಲುವುದನ್ನು ಇಸ್ಲಾಮ್ ನಿಷೇಧಿಸಿಲ್ಲ. ಶರೀಅತ್ತಿನಲ್ಲಿ ಅದಕ್ಕೆ ಕಫಾಲತ್ ಎಂದು ಹೆಸರು. ಯೂಸುಫ್ ಅಧ್ಯಾಯದಲ್ಲಿ ಒಂದು ಒಂಟೆಯ ಹೊರೆಯಷ್ಟು ಧಾನ್ಯಕ್ಕೆ ಹೊಣೆ ನಿಂತವನ ಪ್ರಸ್ತಾಪವಿದೆ. ಆದರೆ ಪ್ರವಾದಿವರ್ಯರು(ಸ) ಆ ಹೊಣೆಯನ್ನು ಎಷ್ಟು ಗಂಭೀರವಾಗಿ ಕಂಡರೆಂಬುದನ್ನು ನಾವು ಮರೆತಿದ್ದೇವೆ. ಎರಡು ದೀನಾರ್ ಸಾಲ ಉಳಿಸಿ ಮೃತಪಟ್ಟವರೊಬ್ಬರ ಜನಾಝಾ ನಮಾಝ್ ನಿರ್ವಹಿಸದೆ ಅವರು ಹಿಂದೆ ಸರಿದರು. ಅಬೂ ಕತಾದಾ(ರ) ಮುಂದೆ ಬಂದು ಆ ಸಾಲ ತನ್ನ ಮೇಲಿರಲಿ ಎಂದಾಗಲೇ ನಮಾಝ್ ನಡೆಯಿತು. ಈ ಘಟನೆಯನ್ನು ನಾವು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಜಾಬಿರ್(ರ) ವರದಿ ಮಾಡಿದ ಹದೀಸಿನಲ್ಲಿ ಮುಂದಿನ ಭಾಗವೂ ಇದೆ. ಒಂದು ದಿನ ಕಳೆದ ಬಳಿಕ ಪ್ರವಾದಿವರ್ಯರು(ಸ) ಆ ಎರಡು ದೀನಾರ್ ಏನಾಯಿತೆಂದು ಅಬೂ ಕತಾದಾರನ್ನು ವಿಚಾರಿಸಿದರು. ಆತ ತೀರಿಕೊಂಡದ್ದು ನಿನ್ನೆಯಷ್ಟೇ ಅಲ್ಲವೇ ಎಂದು ಅವರು ಉತ್ತರಿಸಿದರು. ಮರುದಿನ ಮತ್ತೆ ವಿಚಾರಣೆಯಾಯಿತು. ಪಾವತಿಸಿದ್ದೇನೆಂದು ಅವರು ತಿಳಿಸಿದಾಗಲೇ, ಈಗ ಮೃತನ ಚರ್ಮ ತಂಪಾಯಿತೆಂಬ ಅರ್ಥದ ಮಾತು ಪ್ರವಾದಿವರ್ಯರಿಂದ(ಸ) ಹೊರಟಿತು. ಹೊಣೆ ಹೊತ್ತ ಮಾತಿಗೆ ಮೆಚ್ಚುಗೆ ದೊರೆತಿರಬಹುದು. ನೆಮ್ಮದಿ ದೊರೆತದ್ದು ಹಣ ಸಂದ ಬಳಿಕ.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಮೊದಲು ಸಾಲಗಾರನ ಆಸ್ತಿ ಹರಾಜು ಹಾಕಲಿ, ಆಮೇಲೆ ನನ್ನನ್ನು ಕೇಳಲಿ ಎಂದು ವಾದಿಸುವಂತಿಲ್ಲ. ಸಾಲ ಕೊಟ್ಟವರು ನೇರವಾಗಿ ಜಾಮೀನುದಾರನ ಬಾಗಿಲಿಗೆ ಬರಬಹುದು. ಕಂತು ನಿಂತರೆ ಅವನ ಸಿಬಿಲ್ ದಾಖಲೆಗೂ ಕಪ್ಪುಚುಕ್ಕೆ. ಅವನು ತೀರಿಕೊಂಡರೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಆ ಹೊರೆ ಮಕ್ಕಳನ್ನೂ ಹಿಂಬಾಲಿಸಬಹುದು. ಪಾವತಿಸಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿದೆ, ನಿಜ. ಆದರೆ ಸ್ವಂತ ಭಾವನ ಮೇಲೆ ದಾವೆ ಹೂಡುವವರು ನಮ್ಮಲ್ಲಿ ಎಷ್ಟು ಮಂದಿ?

ಇದಕ್ಕಿಂತ ಕಠಿಣವಾದ ಇನ್ನೊಂದು ಮಾತಿದೆ. ನಾವು ಜಾಮೀನು ಹಾಕುವ ಸಾಲಗಳಲ್ಲಿ ಹೆಚ್ಚಿನವು ಬಡ್ಡಿಯವು. ಜನ್ಮದಲ್ಲಿ ಬಡ್ಡಿ ಮುಟ್ಟಿಲ್ಲವೆಂದು ಎದೆ ತಟ್ಟಿ ಹೇಳುವ ಹಿರಿಯರೇ ಇಂಥ ಕಾಗದಗಳಿಗೆ ಸಹಿ ಹಾಕುತ್ತಾರೆ. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಅದರ ಇಬ್ಬರು ಸಾಕ್ಷಿಗಳು, ಇವರೆಲ್ಲರೂ ಸಮಾನರೆಂದು ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ಇದು ಸಹೀಹ್ ಮುಸ್ಲಿಮಿನಲ್ಲಿದೆ. ಆ ಹದೀಸಿನಲ್ಲಿ ಜಾಮೀನುದಾರನ ಹೆಸರಿಲ್ಲವೆಂದು ವಾದಿಸುವವರಿದ್ದಾರೆ. ಬರೀ ಸಾಕ್ಷಿ ನಿಂತವನೇ ಪಾಲುದಾರನಾದರೆ, ಅಸಲಿನ ಜೊತೆ ಬಡ್ಡಿಯನ್ನೂ ನಾನೇ ಕೊಡುತ್ತೇನೆಂದು ಬರೆದುಕೊಟ್ಟವನು ಹೇಗೆ ಹೊರಗುಳಿದಾನು?

"ನಂಟಸ್ತಿಕೆ ಕೆಡುತ್ತದಲ್ಲ" ಎಂಬುದು ಎಲ್ಲರ ಕೊನೆಯ ಅಸ್ತ್ರ. ನಮ್ಮ ಜಮಾಅತಿನ ಶಿಕ್ಷಕರೊಬ್ಬರು ತಂಗಿಯ ಗಂಡನ ಗೂಡ್ಸ್ ಆಟೋ ಸಾಲಕ್ಕೆ ಇದೇ ಭಯದಿಂದ ಸಹಿ ಹಾಕಿದರು. ವರ್ಷ ಕಳೆಯುವುದರೊಳಗೆ ಕಂತು ನಿಂತಿತು, ನೋಟೀಸು ಬಂತು, ಮಗಳ ಕಾಲೇಜಿಗೆಂದು ಕೂಡಿಟ್ಟ ಹಣ ಸಾಲಕ್ಕೆ ಹೋಯಿತು. ಭಾವ ಫೋನ್ ಎತ್ತುವುದನ್ನು ಬಿಟ್ಟ. ನಾಚಿಕೆಯಿಂದ ತಂಗಿ ಎರಡು ಈದ್‌ಗಳಿಗೆ ತವರಿಗೆ ಬರಲಿಲ್ಲ. ಯಾವ ಸಂಬಂಧ ಉಳಿಯಲೆಂದು ಸಹಿ ಬಿತ್ತೋ ಆ ಸಂಬಂಧವನ್ನು ಅದೇ ಸಹಿ ಕಡಿದುಹಾಕಿತು. ಆ ಮಗಳ ಹಣದ ಮೇಲೆ ಭಾವನಿಗೆ ಯಾವ ಹಕ್ಕಿತ್ತು? ಪತ್ನಿ ಮಕ್ಕಳ ಪೋಷಣೆ ಕಡ್ಡಾಯ, ಜಾಮೀನು ಐಚ್ಛಿಕ. ಐಚ್ಛಿಕವಾದುದಕ್ಕಾಗಿ ಕಡ್ಡಾಯವನ್ನು ಒತ್ತೆಯಿಡುವುದು ಪುಣ್ಯವಲ್ಲ.

ಹಾಗಾದರೆ ಯಾರಿಗೂ ಹೊಣೆ ನಿಲ್ಲಬಾರದೇ? ನಿಲ್ಲಬಹುದು. ಸಾಲ ಬಡ್ಡಿರಹಿತವಾಗಿರಲಿ. ಇಡೀ ಮೊತ್ತ ನಾಳೆಯೇ ನಮ್ಮ ತಲೆಗೆ ಬಂದರೂ ಮನೆಯ ಅನ್ನಕ್ಕೆ ಕೊರತೆಯಾಗದಷ್ಟು ಶಕ್ತಿಯಿರಲಿ. ಮನೆಯವರಿಗೆ ವಿಷಯ ತಿಳಿದಿರಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಅಲ್‌ಬಕರ ಅಧ್ಯಾಯದ 282ನೇ ಸೂಕ್ತದ ಆದೇಶ ನಂಟರಿಗೂ ಅನ್ವಯಿಸುತ್ತದೆ. ಇಷ್ಟು ಸಾಧ್ಯವಿಲ್ಲವೆಂದಾದರೆ, "ಸಹಿ ಹಾಕಲಾರೆ, ಆದರೆ ನನ್ನಿಂದ ಹತ್ತು ಸಾವಿರ ಆಗುತ್ತದೆ, ತೆಗೆದುಕೋ" ಎಂದು ಬಾಯಿಬಿಟ್ಟು ಹೇಳೋಣ. ಇಲ್ಲದ ಎರಡು ಲಕ್ಷಕ್ಕೆ ಹೊಣೆ ನಿಲ್ಲುವುದಕ್ಕಿಂತ ಇರುವ ಹತ್ತು ಸಾವಿರವನ್ನು ಕೊಡುವುದು ದೊಡ್ಡ ಉಪಕಾರ.

ಸಾಲ ಪಡೆದವರಿಗೂ ಒಂದು ಮಾತು. ಕೈಯಲ್ಲಿ ಹಣವಿದ್ದೂ ಮರುಪಾವತಿಯನ್ನು ಮುಂದೂಡುವುದು ಅಕ್ರಮವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜಾಮೀನುದಾರ ಕಂತು ಕಟ್ಟುತ್ತಿರುವಾಗ ಅದ್ದೂರಿಯಾಗಿ ಮಗನ ವಲೀಮಾ ನಡೆಸುವವನು ಬ್ಯಾಂಕಿಗಲ್ಲ, ತನ್ನ ಸಹೋದರನಿಗೆ ಮೋಸ ಮಾಡುತ್ತಿದ್ದಾನೆ.

ಜಮಾಅತಿನ ಹೊಣೆಯೂ ಸಣ್ಣದಲ್ಲ. ಇತರರ ಭಾರ ಹೊತ್ತು ಕಷ್ಟಕ್ಕೊಳಗಾದ ಕಬೀಸಾ(ರ) ನೆರವು ಕೇಳಿ ಬಂದಾಗ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಸದಕಾದ ಸಂಪತ್ತು ಬರುವವರೆಗೆ ನಿಲ್ಲಲು ಹೇಳಿದರು. ಸಾಲದ ಹೊರೆಯಲ್ಲಿ ಸಿಲುಕಿದವರು ಝಕಾತಿನ ಎಂಟು ವರ್ಗದ ಹಕ್ಕುದಾರರಲ್ಲಿ ಸೇರಿದ್ದಾರೆ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಜಾಮೀನು ಹಾಕಿ ನೊಂದವನಿಗೆ ಸಿಗುವುದು "ಯಾರು ಹಾಕಲು ಹೇಳಿದರು?" ಎಂಬ ಕುಹಕ. ಮಸೀದಿಯ ಮಿನಾರಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ನಾವು ಒಂದು ಬಡ್ಡಿರಹಿತ ಸಾಲನಿಧಿಯನ್ನು ಕೂಡಿಸಲಾರೆವೇ? ಅಂಥ ನಿಧಿ ಇದ್ದಿದ್ದರೆ, ಆ ಅರ್ಜಿ ಹಿಡಿದು ಮಸೀದಿಯ ಮೆಟ್ಟಿಲಲ್ಲಿ ಕಾಯುವ ಪ್ರಸಂಗ ಎಷ್ಟೋ ಮಂದಿಗೆ ಬರುತ್ತಿರಲಿಲ್ಲ.

ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಭಯ ಬೇಡುತ್ತಿದ್ದರು. ಸಾಲಕ್ಕೆ ಸಿಲುಕಿದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ. ಮುಂದಿನ ಜುಮುಆದಂದು ಯಾರಾದರೂ ಅರ್ಜಿ ಹಿಡಿದು ಬಂದರೆ, ಪೆನ್ನು ತೆಗೆಯುವ ಮುನ್ನ ಆ ಪ್ರಾರ್ಥನೆಯನ್ನು ನೆನೆಯೋಣ. ಅಲ್ಲಾಹನು ನಮ್ಮನ್ನೂ ನಮ್ಮ ಸಂಬಂಧಗಳನ್ನೂ ಸಾಲದ ಭಾರದಿಂದ ಕಾಪಾಡಲಿ. ಆಮೀನ್.