ಮನೆ ಮಾರೋಕೆ ಬಣ್ಣ ಬಳಿದರೆ ಸಾಲದು: ಹೆಗಡೆಕಟ್ಟಾ ಭಾಗದಲ್ಲಿ ವ್ಯಾಪಾರ ನಿಲ್ಲೋದು ಕಾಗದ, ಬೆಟ್ಟ, ಸಹಿಯಲ್ಲಿ

ಹೆಗಡೆಕಟ್ಟಾ (ಶಿರಸಿ): ಮಳೆ ಮುಗಿದು ದೀಪಾವಳಿ ಕಳೆದರೆ ಹೆಗಡೆಕಟ್ಟಾ ಸುತ್ತಮುತ್ತ ಮನೆ ನೋಡೋಕೆ ಬರೋರ ಓಡಾಟ ಶುರುವಾಗುತ್ತೆ. ಮಕ್ಕಳು ಬೆಂಗಳೂರು, ಹುಬ್ಬಳ್ಳಿ ಸೇರಿದ್ದಾರೆ. ಅಪ್ಪ-ಅಮ್ಮಂಗೆ ವಯಸ್ಸಾಗಿದೆ. ಕೊಳೆ ರೋಗ, ಎಲೆಚುಕ್ಕೆ ರೋಗ ಅಂತ ತೋಟದ ಚಿಂತೆ ಬೇರೆ. ಕೊನೆಗೆ ಮನೆ, ಕೊಟ್ಟಿಗೆ, ತೋಟ ಸೇರಿಸಿ ಕೊಟ್ಟುಬಿಡೋಣ ಅನ್ನೋ ತೀರ್ಮಾನಕ್ಕೆ ಬರ್ತಾರೆ.

ತೀರ್ಮಾನ ಆದಮೇಲೆ ಸಾಮಾನ್ಯವಾಗಿ ಮೊದಲು ಹೋಗೋದು ಪೇಂಟ್ ಅಂಗಡಿಗೆ. ಆದರೆ ಈ ಭಾಗದಲ್ಲಿ ಮನೆ ವ್ಯಾಪಾರ ಮುರಿಯೋದು ಗೋಡೆ ಬಣ್ಣದ ಕಾರಣಕ್ಕಲ್ಲ. ಅಡ್ವಾನ್ಸ್ ಕೊಟ್ಟಮೇಲೆ ಒಂದು ಸಹಿ ಬಾಕಿ ಇದೆ, ಕೊಟ್ಟಿಗೆ ಇರೋ ಜಾಗ ಪಹಣಿಯಲ್ಲೇ ಇಲ್ಲ ಅಂತ ಗೊತ್ತಾದಾಗ ಮುರಿಯುತ್ತೆ. ಆಗ ಕೊಳ್ಳುವವನ ದುಡ್ಡೂ ಸಿಕ್ಕಿಬೀಳುತ್ತೆ, ಮಾರುವವನ ಹೆಸರೂ ಕೆಡುತ್ತೆ.

ಕೊಳ್ಳೋರು ಬದಲಾಗಿದ್ದಾರೆ

ಮೊದಲು ಇಲ್ಲಿನ ತೋಟ-ಮನೆ ಕೊಳ್ಳುತ್ತಿದ್ದವರು ಹೆಚ್ಚಾಗಿ ಪಕ್ಕದ ಊರಿನ ಕೃಷಿಕರೇ. 2020ರಲ್ಲಿ ರಾಜ್ಯ ಸರ್ಕಾರ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂ ತೆಗೆದುಹಾಕಿತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತಾಯ್ತು. ಹೋಂಸ್ಟೇ ಮಾಡೋರು, ನಿವೃತ್ತರಾದವರು, ಐಟಿಯವರು ಬರೋಕೆ ದಾರಿ ತೆರೆದಿದ್ದು ಹೀಗೆ.

ಪಕ್ಕದ ಊರಿನವರಿಗೆ ಯಾವ ಬೆಟ್ಟ ಯಾರದ್ದು, ಅಬ್ಬಿ ನೀರು ಎಲ್ಲಿಂದ ಬರುತ್ತೆ, ದಾರಿ ಯಾರ ಅಂಗಳ ದಾಟುತ್ತೆ ಅಂತ ಹೇಳೋದು ಬೇಕಿಲ್ಲ. ಹೊರಗಿನವರು ವಕೀಲರನ್ನ ಇಟ್ಟುಕೊಂಡು ಬರ್ತಾರೆ, ಕಾಗದ ಕೇಳ್ತಾರೆ. ಬಾಯಿಮಾತಿನಲ್ಲಿ ಮೂರು ತಲೆಮಾರು ನಡೆದಿದ್ದು ಅವರ ಮುಂದೆ ನಡೆಯಲ್ಲ.

ಬೆಟ್ಟ ಮಾರೋಕೆ ಬರಲ್ಲ

ಉತ್ತರ ಕನ್ನಡದ ತೋಟಕ್ಕೆ ಸೊಪ್ಪಿನ ಬೆಟ್ಟ ಇರೋದು ಬ್ರಿಟಿಷರ ಕಾಲದಿಂದ ಬಂದ ಸೌಲಭ್ಯ. ಸೊಪ್ಪು, ದರಕು ತರೋ ಹಕ್ಕು ತೋಟದವರದ್ದು, ಭೂಮಿ ಸರ್ಕಾರದ್ದು. ಎಷ್ಟೋ ಕಡೆ ಕೊಟ್ಟಿಗೆ, ಗೊಬ್ಬರಗುಂಡಿ, ಅಡಿಕೆ ಒಣಗಿಸೋ ಅಂಗಳ ಬೆಟ್ಟದ ಜಾಗಕ್ಕೇ ಚಾಚಿಕೊಂಡಿರುತ್ತೆ. ಮನೆ ತೋರಿಸುವಾಗ ಅದನ್ನೂ ‘ನಮ್ಮದೇ’ ಅಂದ್ರೆ ಮುಂದೆ ತಕರಾರು ಖಂಡಿತ.

ಅತಿಕ್ರಮಣ ಜಾಗದ ಮನೆಗಳದ್ದು ಇನ್ನೂ ಕಷ್ಟ. ಅರಣ್ಯ ಹಕ್ಕು ಕಾಯ್ದೆ, 2006ರ ಪ್ರಕಾರ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗುತ್ತೆ, ಬೇರೆಯವರಿಗೆ ಮಾರೋ ಹಾಗಿಲ್ಲ. ಅರ್ಜಿ ಬಾಕಿ ಇರೋ ಜಾಗವನ್ನಂತೂ ಮಾರೋ ಮಾತೇ ಇಲ್ಲ. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು ದುಡ್ಡು ತಗೊಂಡ್ರೆ ಕೊಳ್ಳುವವನ ಹೆಸರಿಗೆ ಮಾಲಕಿ ಬರಲ್ಲ. ಸರ್ಕಾರದಿಂದ ಮಂಜೂರಾದ ಜಾಗ ಆದ್ರೆ ಪರಭಾರೆ ಮಾಡಬಾರದು ಅನ್ನೋ ಷರತ್ತು ಇದೆಯಾ ಅಂತ ಮಂಜೂರಿ ಆದೇಶ ಓದಬೇಕು.

ಅಕ್ಕ-ತಂಗಿಯರ ಸಹಿ

ಎರಡನೇ ಗಂಟು ಮನೆಯೊಳಗಿಂದೇ. ಕರ್ನಾಟಕದಲ್ಲಿ 1994ರಲ್ಲೇ, ದೇಶದಾದ್ಯಂತ 2005ರಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ, ಹಕ್ಕು ಹುಟ್ಟಿನಿಂದಲೇ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿತು.

‘ಮದುವೆಯಲ್ಲೇ ಕೊಟ್ಟಾಗಿದೆ’ ಅನ್ನೋ ಮಾತು ಕಾಗದವಾಗಲ್ಲ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದರೂ ಕೊಳ್ಳುವವರ ವಕೀಲರು ವಂಶವೃಕ್ಷ ಕೇಳ್ತಾರೆ. ಗಿರಾಕಿ ಬಂದಮೇಲೆ ತಂಗಿಗೆ ಫೋನ್ ಮಾಡಿ ‘ನಾಳೆ ಬಂದು ಸಹಿ ಹಾಕಿ ಹೋಗು’ ಅಂದ್ರೆ ಸಂಬಂಧವೂ ಹಾಳು, ವ್ಯಾಪಾರವೂ ಹಾಳು. ಮೊದಲೇ ಕೂತು ಮಾತಾಡಿ, ಅವರ ಪಾಲು ಎಷ್ಟು ಅಂತ ತೀರ್ಮಾನಿಸಿ, ಒಂದೋ ಕ್ರಯಪತ್ರಕ್ಕೆ ಎಲ್ಲರೂ ಸಹಿ ಹಾಕಬೇಕು, ಇಲ್ಲಾ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು.

ಪಹಣಿ, ನಕ್ಷೆ, ಬೋಜಾ

ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಬೋಜಾ ಕೂತಿರುತ್ತೆ. ಸಾಲ ತೀರಿಸಿ ವರ್ಷಗಳಾಗಿದ್ದರೂ ಬೋಜಾ ಕಮ್ಮಿ ಮಾಡಿಸದೇ ಬಿಟ್ಟವರು ಇದ್ದಾರೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರೋದಾದ್ರೆ 11ಇ ನಕ್ಷೆ ಬೇಕು, ಅದು ಅರ್ಜಿ ಹಾಕಿದ ಮರುದಿನ ಕೈಗೆ ಬರೋದಲ್ಲ. ಮನೆ ಗಾಂವಠಾಣದಲ್ಲಿ ಅಥವಾ ಬಿನ್‌ಶೇತ್ಕಿ ಜಾಗದಲ್ಲಿ ಇದ್ದರೆ ಪಂಚಾಯತಿಯ ಇ-ಸ್ವತ್ತು ನಮೂನೆ 9, 11 ಬೇಕು. ಋಣಭಾರ ಪತ್ರಕ್ಕೆ ಈಗ ಕಾವೇರಿ 2.0 ತಂತ್ರಾಂಶದಲ್ಲಿ ಅರ್ಜಿ ಹಾಕಬಹುದು.

ಕೊಳ್ಳುವವನ ಖರ್ಚಿನ ಲೆಕ್ಕವೂ ಮಾರುವವನಿಗೆ ಗೊತ್ತಿರಬೇಕು. ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಗ್ರಾಮೀಣ ಭಾಗದಲ್ಲಿ 40 ಲಕ್ಷ ರೂ. ವ್ಯಾಪಾರಕ್ಕೆ ಶೇ. 5ರ ಮುದ್ರಾಂಕ ಶುಲ್ಕ 2 ಲಕ್ಷ, ಸೆಸ್ 20 ಸಾವಿರ, ಸರ್‌ಚಾರ್ಜ್ 6 ಸಾವಿರ, ನೋಂದಣಿ 80 ಸಾವಿರ, ಒಟ್ಟು 3.06 ಲಕ್ಷ. ಮೊದಲಿಗಿಂತ 40 ಸಾವಿರ ಜಾಸ್ತಿ. ದರ ಚೌಕಾಸಿಯಲ್ಲಿ ಇದು ಬಂದೇ ಬರುತ್ತೆ.

ಹಾಗಾದ್ರೆ ಮನೆಗೆ ಏನು ಮಾಡಿಸಬೇಕು?

ಮೊದಲು ಮಾಡು. ಒಡೆದ ಹಂಚು ಬದಲಾಯಿಸಿ, ಒರಲೆ ಹಿಡಿದ ರೀಪು, ಪಕಾಸು ತೆಗೆಸಿದ್ರೆ ಅದರ ದುಡ್ಡು ದರದಲ್ಲಿ ವಾಪಸ್ ಬರುತ್ತೆ. ಸೋರಿದ ಗುರುತಿನ ಮೇಲೆ ಬಣ್ಣ ಬಳಿದ್ರೆ ಮುಂದಿನ ಜೂನ್‌ನಲ್ಲಿ ಗುಟ್ಟು ರಟ್ಟಾಗುತ್ತೆ. ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷವನ್ನ ಮಾರುವವನು ತಿಳಿಸಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತೆ.

ಹಳೇ ಮರದ ಕಂಬ, ಜಗಲಿ ಕಿತ್ತು ಟೈಲ್ಸ್ ಹಾಕಿಸೋ ಅವಸರ ಬೇಡ. ಹೊರಗಿನವರು ಆ ಜಗಲಿ ನೋಡೋಕೇ ಬರೋದು. ಊರಿನ ಗಿರಾಕಿ ಆದ್ರೆ ಅಡಿಕೆ ಒಣಗಿಸೋ ಅಂಗಳ, ಗಾಡಿ ಬರೋ ದಾರಿ ಕೇಳ್ತಾರೆ. ಇಬ್ಬರಿಗೂ ಬೇಕಾದ್ದು ಒಳ್ಳೆ ಬಚ್ಚಲು-ಪಾಯಖಾನೆ, ಸರಿಯಾದ ವೈರಿಂಗ್. ಅಂಗಳದ ಹಾವಸೆ ಕೆರೆಸಿ, ಅಟ್ಟದ ಹಳೇ ಸಾಮಾನು ಇಳಿಸೋಕೆ ದೊಡ್ಡ ಖರ್ಚಿಲ್ಲ.

ನೀರಿನ ವಿಷಯ ಮುಚ್ಚಿಡಬೇಡಿ. ನವೆಂಬರ್‌ನಲ್ಲಿ ಎಲ್ಲಾ ಬಾವಿಯಲ್ಲೂ ನೀರು ಇರುತ್ತೆ, ಗಿರಾಕಿ ಕೇಳೋದು ಏಪ್ರಿಲ್‌ನದ್ದು. ಮನೆ ಹಿಂದಿನ ದರೆ ಕುಸಿಯೋ ಹಾಗಿದ್ದರೆ, ಮೊಬೈಲ್ ನೆಟ್‌ವರ್ಕ್ ಜಗಲಿಯಲ್ಲಿ ಮಾತ್ರ ಸಿಗೋದಾದ್ರೆ ಅದನ್ನೂ ಹೇಳಿಬಿಡೋದು ಒಳ್ಳೇದು. ಅಬ್ಬಿ ನೀರಿನ ಪಾಲು, ತೋಟದ ಬಸಿಗಾಲುವೆ, ದಾರಿ ಇವು ಪಕ್ಕದವರ ಜೊತೆ ಹೇಗೆ ನಡೀತಿದೆ ಅಂತ ಬರಹದಲ್ಲಿ ಇಟ್ಟರೆ ಹೊಸಬರಿಗೂ, ಉಳಿದವರಿಗೂ ನೆಮ್ಮದಿ.

ಇದು ಮಾರೋರು-ಕೊಳ್ಳೋರ ವಿಷಯ ಮಾತ್ರ ಅಲ್ಲ. ಕಾಗದ ಸರಿ ಇಲ್ಲದೆ ವ್ಯಾಪಾರ ಮುರಿದ ಮನೆಗೆ ಬೀಗ ಬೀಳುತ್ತೆ. ಬೀಗ ಬಿದ್ದ ಮನೆ ನಾಲ್ಕು ಮಳೆಗಾಲ ತಡೆಯಲ್ಲ. ಊರಿನ ಕಿರಾಣಿ ಅಂಗಡಿಗೆ ಒಂದು ಲೆಕ್ಕದ ಪುಸ್ತಕ ಕಮ್ಮಿ, ಡೇರಿಗೆ ಒಂದು ಕ್ಯಾನ್ ಕಮ್ಮಿ, ಶಾಲೆಗೆ ಮಕ್ಕಳು ಕಮ್ಮಿ. ಮುಂದಿನ ದೀಪಾವಳಿಗೆ ಮಾರೋ ಯೋಚನೆ ಇರೋರು ಈ ಮಳೆಗಾಲದಲ್ಲೇ ಪಹಣಿ ತೆಗೆಸಿ 11ನೇ ಕಾಲಂ ನೋಡೋದು, ಅಕ್ಕ-ತಂಗಿಯರನ್ನ ಚೌತಿ ಹಬ್ಬಕ್ಕೆ ಕರೆದು ಮಾತು ಮುಗಿಸೋದು ಒಳ್ಳೇದು. ಬಣ್ಣ ಆಮೇಲೆ ಬಳಿಸಿದರೂ ಆಗುತ್ತೆ.