ಖಾಲಿ ಮನೆಗಳು ಮತ್ತು ಮುಗಿಯದ ಸಾಲ

2008ರ ಆರ್ಥಿಕ ಕುಸಿತದ ಬಳಿಕ ಸ್ಪೇನ್ ದೇಶದಲ್ಲಿ ಸಹಸ್ರಾರು ಕುಟುಂಬಗಳು ಬೀದಿಪಾಲಾದವು. 2013ರ ವೇಳೆಗೆ ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗೆ ಉದ್ಯೋಗವಿರಲಿಲ್ಲ. ಅದೇ ದೇಶದ 2011ರ ಜನಗಣತಿಯಲ್ಲಿ ಸುಮಾರು 34 ಲಕ್ಷ ಮನೆಗಳು ಖಾಲಿ ಇವೆಯೆಂದು ದಾಖಲಾಗಿತ್ತು. ಬ್ಯಾಂಕುಗಳ ವಶದಲ್ಲಿದ್ದ ಅಂತಹ ಖಾಲಿ ಕಟ್ಟಡಗಳನ್ನು ಹೊಕ್ಕು ನೆಲೆಸಿದವರನ್ನು ಅತಿಕ್ರಮಣಕಾರರೆಂದು ಜರೆಯುವ ಮುನ್ನ, ಅವರನ್ನು ಅಲ್ಲಿಗೆ ದೂಡಿದ ಸಾಲದ ಸ್ವರೂಪವನ್ನು ನಾವು ನೋಡಬೇಕಾಗಿದೆ.

ಅಲ್ಲಿನ ಕಾನೂನಿನಂತೆ, ಸಾಲ ತೀರಿಸಲಾಗದವನು ಮನೆಯ ಕೀಲಿಕೈಯನ್ನು ಬ್ಯಾಂಕಿಗೆ ಒಪ್ಪಿಸಿದ ಮಾತ್ರಕ್ಕೆ ಋಣಮುಕ್ತನಾಗುತ್ತಿರಲಿಲ್ಲ. ಹರಾಜಿನಲ್ಲಿ ಕೂಗುವವರಿಲ್ಲದಿದ್ದರೆ 2011ರವರೆಗೂ ಬ್ಯಾಂಕು ಆ ಮನೆಯನ್ನು ಅರ್ಧ ಬೆಲೆಗೆ ತನ್ನದಾಗಿಸಿಕೊಳ್ಳಬಹುದಿತ್ತು. ಉಳಿದ ಸಾಲ, ಅದರ ಬಡ್ಡಿ, ಮೊಕದ್ದಮೆಯ ಖರ್ಚು ಎಲ್ಲವೂ ಮನೆ ಕಳೆದುಕೊಂಡವನ ಹೆಗಲ ಮೇಲೆಯೇ. ಇತ್ತ ಬ್ಯಾಂಕುಗಳು ಮುಳುಗುವ ಹಂತಕ್ಕೆ ಬಂದಾಗ ಯುರೋಪಿನ ನಿಧಿಯಿಂದ 4 ಸಾವಿರ ಕೋಟಿ ಯೂರೊಗಳಿಗೂ ಮಿಕ್ಕಿದ ನೆರವು ಹರಿದುಬಂತು. ಸಂಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಮನ್ನಾ ಮಾಡುವುದಾದರೆ ಅದು ಇನ್ನೂ ಶ್ರೇಷ್ಠ ಎಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಅಲ್ಲಿ ಆ ಅವಕಾಶ ದೊರೆತದ್ದು ಸಾಲ ಕೊಟ್ಟವರಿಗೆ!

2009ರಲ್ಲಿ ಬಾರ್ಸಿಲೋನಾ ನಗರದಲ್ಲಿ ಅಡಮಾನ ಬಾಧಿತರ ವೇದಿಕೆಯೊಂದು ಹುಟ್ಟಿತು. ಅದರ ವಕ್ತಾರೆಯಾಗಿದ್ದ ಅದಾ ಕೊಲಾವ್ 2015ರಲ್ಲಿ ಅದೇ ನಗರದ ಮೇಯರ್ ಆದರು. ಆದರೆ ನಮಗೆ ಅದಕ್ಕಿಂತ ಮುಖ್ಯವೆನಿಸುವುದು ಆ ವೇದಿಕೆಯ ಸಭೆಗಳು. ಸೋತೆವೆಂದು ತಲೆತಗ್ಗಿಸಿ ಬಂದವರು ಅಲ್ಲಿ ತಮ್ಮ ಸಾಲದ ಕಥೆಯನ್ನು ಎಲ್ಲರೆದುರು ಹೇಳಿಕೊಂಡರು. ನೆರವು ಬೇಡಿ ಬಂದವರೇ ಮುಂದೆ ಇನ್ನೊಬ್ಬರ ಜೊತೆ ಬ್ಯಾಂಕಿಗೆ ನಡೆದರು, ಮನೆ ಖಾಲಿ ಮಾಡಿಸಲು ಬಂದವರಿಗೆ ಅಡ್ಡಲಾಗಿ ಬಾಗಿಲಲ್ಲಿ ಕುಳಿತರು. ಕೀಲಿಕೈ ಒಪ್ಪಿಸಿದರೆ ಸಾಲ ತೀರಬೇಕೆಂಬ ಬೇಡಿಕೆಗೆ ಸುಮಾರು 14 ಲಕ್ಷ ಸಹಿಗಳು ಸಂಗ್ರಹವಾದವು. ಸಂಸತ್ತು ಆ ಮುಖ್ಯ ಬೇಡಿಕೆಯನ್ನು ಒಪ್ಪಲಿಲ್ಲ.

ಪರರ ಸೊತ್ತನ್ನು ಬಲಾತ್ಕಾರವಾಗಿ ಕಬಳಿಸುವುದು ಇಸ್ಲಾಮಿನಲ್ಲಿ ನಿಷಿದ್ಧ. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಊರಿಗೆ ಹೋದ ಸಾಮಾನ್ಯನೊಬ್ಬನ ಮನೆಗೆ ನುಗ್ಗುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಈ ವೇದಿಕೆ ಗುರಿಯಾಗಿಸಿದ್ದು ಬ್ಯಾಂಕುಗಳು ಬಳಸದೆ ಬಿಟ್ಟ ಕಟ್ಟಡಗಳನ್ನು. ಅಲ್ಲಿ ನೆಲೆಸಿದವರು ಪುಕ್ಕಟೆ ವಾಸವನ್ನೂ ಕೇಳಲಿಲ್ಲ, ಆದಾಯಕ್ಕೆ ತಕ್ಕ ಬಾಡಿಗೆ ಕೊಡುತ್ತೇವೆಂದರು. ಬಡ್ಡಿಯ ಹೆಸರಿನಲ್ಲಿ ನಡೆದ ಕಬಳಿಕೆಯನ್ನು ವ್ಯವಹಾರವೆಂದೂ ಇದನ್ನು ಮಾತ್ರ ಅಪರಾಧವೆಂದೂ ಕರೆಯುವ ನ್ಯಾಯ ನಮಗೆ ಅರ್ಥವಾಗದು.

ಕರ್ನಾಟಕದಲ್ಲಿಯೂ ಮೈಕ್ರೋಫೈನಾನ್ಸ್ ವಸೂಲಿಗಾರರಿಗೆ ಅಂಜಿ ಮನೆಗೆ ಬೀಗ ಜಡಿದು ಊರು ತೊರೆದವರಿದ್ದಾರೆ. 2025ರಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅವರಲ್ಲಿ ಎಷ್ಟು ಮಂದಿಯ ಜೊತೆ ನಮ್ಮ ಜಮಾಅತಿನ ಹಿರಿಯರು ಸಾಲದಾತನ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ? ರಮಝಾನಿನಲ್ಲಿ ಕಿಟ್ ಹಂಚುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ.

ಸ್ಪೇನಿನ ಆ ಅಡಮಾನ ಕಾನೂನನ್ನು ಯುರೋಪಿನ ನ್ಯಾಯಾಲಯದವರೆಗೆ ಕೊಂಡೊಯ್ದ ಪ್ರಕರಣ ಮೊರಾಕೊ ಮೂಲದ ಓರ್ವ ಕಾರ್ಮಿಕನದ್ದು. ಕರಾರಿನಲ್ಲಿ ಅನ್ಯಾಯದ ಷರತ್ತುಗಳಿವೆಯೇ ಎಂಬುದು ಇತ್ಯರ್ಥವಾಗುವವರೆಗೆ ಜಪ್ತಿಯನ್ನು ತಡೆಯುವ ಅಧಿಕಾರ ನ್ಯಾಯಾಧೀಶರಿಗೆ ಇರಲೇಬೇಕೆಂದು 2013ರ ಮಾರ್ಚ್‌ನಲ್ಲಿ ತೀರ್ಪು ಬಂತು. ಆತನನ್ನು ಮನೆಯಿಂದ ಹೊರಹಾಕಿ ಆಗ ಎರಡು ವರ್ಷಗಳಾಗಿದ್ದವು.